ಸ್ವಂತ ಲಿಮಿಟೆಡ್ ಕಂಪನಿ ಇದ್ರೆ ಯುಕೆ ಸ್ಪೌಸ್ ವೀಸಾಗೆ ಆದಾಯ ತೋರ್ಸೋದು ಹೇಗೆ

ಯುಕೆಲಿ ಸ್ವಂತ ಲಿಮಿಟೆಡ್ ಕಂಪನಿ ಮಾಡ್ಕೊಂಡು ಐಟಿ ಕಾಂಟ್ರಾಕ್ಟ್ ಮಾಡೋ ಕನ್ನಡದವ್ರು ತುಂಬ ಜನ ಇದೀರ, ಐಎಲ್‌ಆರ್ (ಯುಕೆಲಿ ಖಾಯಂ ಆಗಿ ಇರೋ ಅನುಮತಿ) ಅಥವಾ ಬ್ರಿಟಿಷ್ ಪಾಸ್‌ಪೋರ್ಟ್ ಆದ್ಮೇಲೆ ಊರಿಗೆ ಹೋಗಿ ಮದ್ವೆ ಆಗಿ ಬಂದು ಈಗ ಹೆಂಡ್ತಿನೋ ಗಂಡನ್ನೋ ಕರ್ಸ್ಕೋಬೇಕು ಅಂತಿರೋರಿಗೆ ಇದನ್ನ ಬರೀತಿದೀನಿ. ನಾನು ಇದಕ್ಕೆ ಒಂದು ವರ್ಷ ಜಾಸ್ತಿ ಕಾಯ್ಬೇಕಾಯ್ತು. ದುಡ್ಡಿರ್ಲಿಲ್ಲ ಅಂತಲ್ಲ, ಇತ್ತು, ಆದ್ರೆ ಅದು ನನ್ನ ಅಕೌಂಟಿಗೆ ಬಂದ ದಾರಿ ಸರಿ ಇರ್ಲಿಲ್ಲ. ಅವ್ಳು ದಾವಣಗೆರೆಲಿ, ನಾನಿಲ್ಲಿ, ಆ ವರ್ಷ ನಿಮ್ಗೆ ಯಾರಿಗೂ ಬರೋದು ಬೇಡ.

ಮೊದಲು ಮೊತ್ತ. 2024 ಏಪ್ರಿಲ್ 11ರಿಂದ ಹೊಸದಾಗಿ ಅಪ್ಲೈ ಮಾಡೋರಿಗೆ ವರ್ಷಕ್ಕೆ 29,000 ಪೌಂಡ್ ಬೇಕು, ಟ್ಯಾಕ್ಸ್ ಕಟ್ ಆಗೋಕೆ ಮುಂಚಿನ ಲೆಕ್ಕ. ಅದಕ್ಕೂ ಮುಂಚೆ 18,600 ಇತ್ತು. ಊರಲ್ಲಿರೋ ಸಂಗಾತಿ ಬೆಂಗಳೂರಲ್ಲಿ ಎಷ್ಟೇ ಸಂಬಳ ತಗೊಳ್ತಿದ್ರೂ ಆ ಸಂಬಳ ಇಲ್ಲಿ ಲೆಕ್ಕಕ್ಕೆ ಬರಲ್ಲ, ಇಲ್ಲಿರೋ ನಿಮ್ಮ ಆದಾಯನೇ ನೋಡೋದು.

ಈಗ ಎಲ್ರೂ ಎಡವೋ ಜಾಗ. ಶೇರು ನಿಮ್ಮ ಹತ್ರ, ನಿಮ್ಮ ಸಂಗಾತಿ ಹತ್ರ ಅಥವಾ ಅಪ್ಪ ಅಮ್ಮ ಅಣ್ಣ ತಮ್ಮ ತರದ ಹತ್ರದವ್ರ ಹತ್ರ ಇದ್ದು, ಹೊರಗಿನ ಶೇರುದಾರರು ಐದಕ್ಕಿಂತ ಕಮ್ಮಿ ಇದ್ರೆ, ನಿಮ್ಮ ಕಂಪನಿಯಿಂದ ಬರೋ ಸಂಬಳನ ಮಾಮೂಲಿ ನೌಕರಿ ಸಂಬಳ ತರ ತೋರ್ಸಂಗಿಲ್ಲ. ಆರು ತಿಂಗಳ ಪೇಸ್ಲಿಪ್ ಕೊಟ್ಟು ಮುಗ್ಸೋದು ನೌಕರಿಲಿರೋರಿಗೆ, ಅದು ಕೆಟಗರಿ ಎ. ನಮ್ದು ಕೆಟಗರಿ ಎಫ್ ಅಥವಾ ಜಿ. ಎಫ್ ಅಂದ್ರೆ ಕಂಪನಿಯ ಮುಗಿದ ಕೊನೇ ಪೂರ್ತಿ ಆರ್ಥಿಕ ವರ್ಷ, ಜಿ ಅಂದ್ರೆ ಕೊನೇ ಎರಡು ವರ್ಷದ ಸರಾಸರಿ. ಒಂದ್ ವರ್ಷ 24,000, ಮುಂದಿನ ವರ್ಷ 35,000 ಬಂದಿದ್ರೆ ಸರಾಸರಿ 29,500, ಜಿನಲ್ಲೂ ಪಾಸ್, ಆದ್ರೆ ಎರಡೂ ವರ್ಷದ ಕಾಗದ ಪತ್ರ ಕೊಡ್ಬೇಕು, ಹಾಗಾಗಿ ಕೊನೇ ವರ್ಷ ಒಂದರಲ್ಲೇ ಆಗೋದಾದ್ರೆ ಎಫ್ ತಗೊಳ್ಳಿ. ಇನ್ನೊಂದು, ಎಫ್ ಜಿ ಜೊತೆ ಉಳಿತಾಯದ ದುಡ್ಡನ್ನ ಸೇರ್ಸಕ್ಕೆ ಬಿಡಲ್ಲ, ಕಮ್ಮಿ ಬಿದ್ದಿದ್ದನ್ನ ಸೇವಿಂಗ್ಸ್‌ನಿಂದ ತುಂಬ್ತೀನಿ ಅಂದ್ರೆ ಆಗಲ್ಲ. ಬರೀ ಸೇವಿಂಗ್ಸ್ ಮೇಲೇ ಹೋಗೋದಾದ್ರೆ 88,500 ಪೌಂಡ್ ಆರು ತಿಂಗಳಿಂದ ಇರ್ಬೇಕು.

ಕಂಪನಿ ಲಾಭ ನಿಮ್ಮ ಆದಾಯ ಅಲ್ಲ. ಸೋಲ್ ಟ್ರೇಡರ್ (ಕಂಪನಿ ಇಲ್ಲದೆ ಸ್ವಂತ ಹೆಸರಲ್ಲೇ ವ್ಯವಹಾರ ಮಾಡೋರು) ಆಗಿದ್ರೆ ಲಾಭನೇ ಆದಾಯ, ಅವ್ರಿಗೆ ಬೇರೆ ದಾರಿ. ಲಿಮಿಟೆಡ್ ಕಂಪನಿಲಿ ನಿಮ್ಗೆ ಬಂದ ಸಂಬಳ ಮತ್ತು ಡಿವಿಡೆಂಡ್ (ಲಾಭದಿಂದ ಶೇರುದಾರರಿಗೆ ಹಂಚೋ ದುಡ್ಡು) ಎರಡೇ ಲೆಕ್ಕ. ಕಂಪನಿ ಅಕೌಂಟಲ್ಲಿ 80,000 ಬಿದ್ದಿದ್ರೂ ನೀವು ಟ್ಯಾಕ್ಸ್ ಉಳ್ಸೋಕೆ ಅಂತ 12,570 ಸಂಬಳ ಮಾತ್ರ ತಗೊಂಡಿದ್ರೆ ವೀಸಾ ಆಫೀಸರ್ ಕಣ್ಣಿಗೆ ನಿಮ್ಮ ಆದಾಯ 12,570.

ಹಾಗಾದ್ರೆ ಎಷ್ಟು ಎತ್ಬೇಕು ನೋಡಿ. 12,570 ಸಂಬಳ ಅಂದ್ರೆ ತಿಂಗಳಿಗೆ 1,047.50. ಮಿಕ್ಕ 16,430 ಡಿವಿಡೆಂಡ್ ಆಗ್ಬೇಕು. ಸ್ವಲ್ಪ ಜಾಗ ಇರ್ಲಿ ಅಂತ ಮೂರು ತಿಂಗಳಿಗೊಂದು ಸಲ 4,200 ಎತ್ತಿದ್ರೆ ನಾಲ್ಕು ಸಲಕ್ಕೆ 16,800, ಒಟ್ಟು 29,370. ಡಿವಿಡೆಂಡ್ ಕೊಡೋದು ಕಾರ್ಪೊರೇಷನ್ ಟ್ಯಾಕ್ಸ್ ಕಟ್ಟಿ ಉಳಿದ ಲಾಭದಲ್ಲಿ, ಸಣ್ಣ ಕಂಪನಿಗೆ ಅದು 19 ಪರ್ಸೆಂಟ್, ಹಳೇ ಲಾಭ ಉಳಿದಿಲ್ಲ ಅಂದ್ರೆ ಸಂಬಳ ಕಳೆದ್ಮೇಲೆ ಸುಮಾರು 20,750 ಲಾಭ ಇರ್ಬೇಕು. 29,000ಕ್ಕೆ ಸರಿಯಾಗಿ ನಿಲ್ಲಿಸ್ಬೇಡಿ, ಲೆಕ್ಕದಲ್ಲಿ ಸ್ವಲ್ಪ ಕಮ್ಮಿ ಬಿದ್ರೂ ಪೂರ್ತಿ ಅರ್ಜಿ ಬಿದ್ದೋಗುತ್ತೆ.

ನಂಗಾಗಿದ್ದು ಇಲ್ಲೇ. ವರ್ಷ ಪೂರ್ತಿ ಬಾಡಿಗೆಗೆ, ಊರಿಗೆ ಕಳ್ಸೋಕೆ ಅಂತ ಬೇಕ್ ಬೇಕಾದಾಗ ಕಂಪನಿಯಿಂದ 600, 1,350, 2,000 ಹೀಗೆ ಎತ್ಕೊಂಡಿದ್ದೆ, ಬ್ಯಾಂಕಲ್ಲಿ ರೆಫರೆನ್ಸ್ ಏನೂ ಹಾಕಿರ್ಲಿಲ್ಲ. ನನ್ನ ಅಕೌಂಟೆಂಟ್ ಅದನ್ನೆಲ್ಲ ಡೈರೆಕ್ಟರ್ಸ್ ಲೋನ್ (ಕಂಪನಿಯಿಂದ ನಾನು ತಗೊಂಡ ಸಾಲ) ಅಂತ ಬರ್ಕೊಂಡು ವರ್ಷದ ಕೊನೇಲಿ ಒಂದೇ ಎಂಟ್ರಿಲಿ 18,000 ಡಿವಿಡೆಂಡ್ ಅಂತ ತೋರ್ಸಿ ಲೋನ್ ಚುಕ್ತಾ ಮಾಡಿದ್ರು. ಟ್ಯಾಕ್ಸ್ ಲೆಕ್ಕಕ್ಕೆ ಏನೂ ತಪ್ಪಿಲ್ಲ. ಆದ್ರೆ ವೀಸಾಗೆ ವೋಚರಲ್ಲಿರೋ (ಡಿವಿಡೆಂಡ್ ಕೊಟ್ಟಿದ್ದಕ್ಕೆ ಕಂಪನಿ ಬರೆದುಕೊಡೋ ಚೀಟಿ) ಡಿವಿಡೆಂಡ್ ನಿಮ್ಮ ಸ್ವಂತ ಬ್ಯಾಂಕ್ ಅಕೌಂಟಿಗೆ ಬಿದ್ದಿರೋದು ಸ್ಟೇಟ್‌ಮೆಂಟಲ್ಲಿ ಕಾಣ್ಬೇಕು, ನನ್ನ ಸ್ಟೇಟ್‌ಮೆಂಟಲ್ಲಿ 18,000 ಅನ್ನೋ ಸಾಲೇ ಇಲ್ಲ! ಮುಗಿದ ವರ್ಷನ ಹಿಂದಕ್ಕೆ ಹೋಗಿ ತಿದ್ದೋಕಾಗಲ್ಲ. ಅದಕ್ಕೇ ಹೇಳೋದು, ಮದ್ವೆ ಮಾತುಕತೆ ಶುರು ಆದ ದಿನವೇ ಕಂಪನಿ ವರ್ಷ ಯಾವಾಗ ಶುರು ಆಗಿ ಯಾವಾಗ ಮುಗಿಯುತ್ತೆ ಅಂತ ಕ್ಯಾಲೆಂಡರಲ್ಲಿ ಗುರುತು ಹಾಕಿ.

ಮುಂದಿನ ವರ್ಷ ನಾನು ಮಾಡಿದ್ದು ಹೀಗೆ. ಡಿವಿಡೆಂಡ್ ಘೋಷಿಸಿದ ದಿನವೇ ಮಿನಿಟ್ಸ್ (ಆ ತೀರ್ಮಾನದ ದಾಖಲೆ), ವೋಚರ್ ಎರಡೂ ಮಾಡ್ದೆ. ವೋಚರಲ್ಲಿ ಕಂಪನಿ ಹೆಸರು, ನನ್ನ ಹೆಸರು ವಿಳಾಸ, ಎಷ್ಟು ಶೇರು, ತಾರೀಖು, ಮೊತ್ತ. ಅದೇ ದಿನ ಅದೇ ಮೊತ್ತ, 4,200 ಅಂದ್ರೆ 4,200ನೇ, ಒಂದೇ ಟ್ರಾನ್ಸ್‌ಫರಲ್ಲಿ, ರೆಫರೆನ್ಸ್ ಜಾಗದಲ್ಲಿ ಡಿವಿಡೆಂಡ್ ಅಂತ ಬರೆದು. ಸಂಬಳನೂ ಪ್ರತಿ ತಿಂಗಳು 28ಕ್ಕೆ ಪೇಸ್ಲಿಪ್‌ನಲ್ಲಿರೋ ನೆಟ್ ಮೊತ್ತ ಪೈಸೆ ಬಿಡದೆ ಹಾಗೇ. ಕೊನೇಲಿ ಪ್ರಿಂಟ್ ಹಾಕ್ಸಿ ಸಂಬಳಕ್ಕೆ ಹಳದಿ, ಡಿವಿಡೆಂಡ್‌ಗೆ ಗುಲಾಬಿ ಹೈಲೈಟರ್ ಹಚ್ಚಿ ಕಂಪನಿ ಸ್ಟೇಟ್‌ಮೆಂಟ್, ನನ್ನ ಸ್ಟೇಟ್‌ಮೆಂಟ್, ವೋಚರ್ ಮೂರನ್ನೂ ಪಕ್ಕ ಪಕ್ಕ ಇಟ್ಟು ತಾಳೆ ನೋಡ್ದೆ, ಹೋದ ವರ್ಷ ಸಿಗದ ಸಾಲು ಈ ಸಲ ಕಣ್ಮುಂದೆ ಇತ್ತು.

ಕಾಗದಗಳು ಅಪೆಂಡಿಕ್ಸ್ ಎಫ್‌ಎಂ-ಎಸ್‌ಇ ಅನ್ನೋ ನಿಯಮದಲ್ಲಿವೆ, ಅದನ್ನ ಒಂದ್ಸಲ ನೀವೇ ಓದಿ. ಸಿಟಿ600, ಅಂದ್ರೆ ಕಂಪನಿಯ ಟ್ಯಾಕ್ಸ್ ರಿಟರ್ನ್, ಜೊತೆಗೆ ಅದು ಎಚ್‌ಎಂಆರ್‌ಸಿಗೆ (ಯುಕೆ ಟ್ಯಾಕ್ಸ್ ಇಲಾಖೆ) ಸೇರಿದೆ ಅನ್ನೋ ರಸೀದಿ. ಕಂಪನೀಸ್ ಹೌಸ್‌ನ (ಕಂಪನಿಗಳು ನೋಂದಣಿ ಆಗೋ ಸರ್ಕಾರಿ ಕಚೇರಿ) ಈಗಿನ ಅಪಾಯಿಂಟ್‌ಮೆಂಟ್ ರಿಪೋರ್ಟ್, ಡೈರೆಕ್ಟರ್ ಯಾರು ಅಂತ ಅದರಲ್ಲಿರುತ್ತೆ. ವರ್ಷದ ಅಕೌಂಟ್ಸ್, ಆಡಿಟ್ ಬೇಕಿಲ್ಲದ ಸಣ್ಣ ಕಂಪನಿ ಆದ್ರೆ ಅಕೌಂಟೆಂಟ್ ಸರ್ಟಿಫಿಕೇಟ್ ಸಮೇತ. ಆ 12 ತಿಂಗಳ ಕಂಪನಿ ಬ್ಯಾಂಕ್ ಸ್ಟೇಟ್‌ಮೆಂಟ್ ಪೂರ್ತಿ, ನಿಮ್ಮ ಸ್ವಂತ ಸ್ಟೇಟ್‌ಮೆಂಟ್ ಪೂರ್ತಿ, ಪೇಸ್ಲಿಪ್‌ಗಳು, ಪಿ60 (ಟ್ಯಾಕ್ಸ್ ವರ್ಷದ ಸಂಬಳ, ಕಟ್ಟಿದ ಟ್ಯಾಕ್ಸ್ ತೋರ್ಸೋ ಪತ್ರ). ಇದ್ರ ಜೊತೆ ವ್ಯಾಟ್ ಕಾಗದ, ಆಫೀಸ್ ಜಾಗದ ಲೀಸ್ ಅಥವಾ ಪೇಯ್ (PAYE, ಸಂಬಳ ಕೊಡೋ ಕಂಪನಿ ಅಂತ ಟ್ಯಾಕ್ಸ್ ಇಲಾಖೆಲಿ ಆಗೋ ನೋಂದಣಿ) ರಿಜಿಸ್ಟ್ರೇಷನ್ ಇವುಗಳಲ್ಲಿ ಒಂದು, ನಮ್ಮಂಥೋರಿಗೆ ಪೇಯ್ ಪತ್ರ ಸುಲಭ. ಕಂಪನಿ ವರ್ಷ ಜುಲೈ 31ಕ್ಕೆ ಮುಗಿಯೋ ತರ ಇದ್ರೆ ಎರಡು ಟ್ಯಾಕ್ಸ್ ವರ್ಷದ ಪಿ60 (ಎರಡನೇದು ಬಂದಿದ್ರೆ) ಬೇಕಾಗುತ್ತೆ, ಯಾಕಂದ್ರೆ ಪಿ60 ಏಪ್ರಿಲ್ 5ಕ್ಕೆ ಮುಗಿಯುತ್ತೆ, ಇದನ್ನ ಜನ ಮರೀತಾರೆ.

ಅಕೌಂಟೆಂಟ್ ವಿಷ್ಯಕ್ಕೆ ಬಂದ್ರೆ, ಖರ್ಚು ಕಮ್ಮಿ ಅಂತ ಬೆಂಗಳೂರಿನ ಸಿಎ ಕೈಲಿ ಯುಕೆ ಲೆಕ್ಕ ಬರೆಸೋರಿದೀರ. ಲೆಕ್ಕ ಅವ್ರು ಬರೀಲಿ, ಚೆನ್ನಾಗೇ ಬರೀತಾರೆ, ಆದ್ರೆ ಸರ್ಟಿಫಿಕೇಟ್‌ಗೆ ಸಹಿ ಹಾಕೋರು ಯುಕೆಲಿ ಮಾನ್ಯತೆ ಇರೋ ಸಂಸ್ಥೆಯ ಮೆಂಬರ್ ಆಗಿರ್ಬೇಕು, ಎಸಿಸಿಎ, ಐಸಿಎಇಡಬ್ಲ್ಯೂ ಅಂಥವು. ಮೆಂಬರ್‌ಶಿಪ್ ನಂಬರ್ ಲೆಟರ್‌ಹೆಡ್ಡಲ್ಲೇ ಇರ್ಲಿ. ಬ್ರಾಂಚ್ ಇಲ್ಲದ ಆ್ಯಪ್ ಬ್ಯಾಂಕ್ ಬಳಸ್ತಿದ್ರೆ ಡೌನ್‌ಲೋಡ್ ಪಿಡಿಎಫ್ ಸಾಲದು ಅಂತಿಟ್ಕೊಂಡು ಸ್ಟ್ಯಾಂಪ್ ಹಾಕಿದ್ದನ್ನೋ ಬ್ಯಾಂಕ್ ಲೆಟರನ್ನೋ ಮೊದ್ಲೇ ಕೇಳಿಟ್ಕೊಳ್ಳಿ.

ವರ್ಷ ಮುಗಿದ ತಕ್ಷಣ ಅಕೌಂಟ್ಸ್ ಮುಗಿಸಿ ಸಿಟಿ600 ಫೈಲ್ ಮಾಡ್ಸಿ, ಕಂಪನೀಸ್ ಹೌಸ್‌ಗೆ 9 ತಿಂಗಳು, ಸಿಟಿ600ಗೆ 12 ತಿಂಗಳು ಟೈಮ್ ಇದೆ ಅಂತ ಅಕೌಂಟೆಂಟ್ ಆರಾಮಾಗಿರ್ತಾರೆ, ಬಿಡ್ಬೇಡಿ, ಬೆನ್ನು ಹತ್ತಿ. ರಿಜೆಕ್ಟ್ ಆದ್ರೆ ಹೆಲ್ತ್ ಸರ್ಚಾರ್ಜ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಗೆ ಅರ್ಜಿ ಜೊತೆ ಕಟ್ಟೋ ದುಡ್ಡು) ವಾಪಸ್ ಬರುತ್ತೆ, ವೀಸಾ ಫೀಸ್ ಬರಲ್ಲ.

ಅಷ್ಟೊತ್ತಿಗೆ ಹೊಸ ವರ್ಷ ಶುರುವಾಗಿರುತ್ತಲ್ಲ, ಆಗ ಸಂಬಳ ನಿಲ್ಲಿಸ್ಬೇಡಿ. ಅಪ್ಲೈ ಮಾಡೋ ಹೊತ್ತಲ್ಲೂ ನೀವು ಆ ಕಂಪನಿಲೇ ಇದೀರ, ದುಡ್ಡು ಬರ್ತಾನೇ ಇದೆ ಅಂತ ತೋರ್ಸೋಕೆ ಹಿಂದಿನ ಆರು ತಿಂಗಳೊಳಗಿನ ಪೇಸ್ಲಿಪ್ಪೋ ವೋಚರ್ರೋ ಅದರ ಸ್ಟೇಟ್‌ಮೆಂಟ್ ಜೊತೆ ಹಾಕಿ, ನಾನು ಕೊನೇ ಎರಡು ತಿಂಗಳದ್ದು ಹಾಕಿದ್ದೆ.