ಟೇಕಾಫ್ ಶಬ್ದ ನಿಯಮ ತಪ್ಪಿದಾಗ ಕಾಕ್‌ಪಿಟ್‌ನಲ್ಲಿ ಮಾತು ಹೇಗಿರಬೇಕು

ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ಹಾರಾಟ ಕಲಿತು ವಿಮಾನ ಕಂಪನಿ ಸೇರುವ ನಮ್ಮ ಭಾಗದ ಯುವಕ ಯುವತಿಯರಿಗೆ ಯಂತ್ರದ ಜ್ಞಾನ ಕಡಿಮೆ ಇರುವುದಿಲ್ಲ. ಪಕ್ಕದಲ್ಲಿ ಕುಳಿತ ಹಿರಿಯ ಕ್ಯಾಪ್ಟನ್ ತಪ್ಪಿದಾಗ ಅದನ್ನು ಎತ್ತಿ ತೋರಿಸುವ ಮಾತು ಮಾತ್ರ ಗಂಟಲಲ್ಲೇ ಉಳಿಯುತ್ತದೆ. ಬೆಳಗಾವಿ ಕಡೆ ಹಿರಿಯರ ತಪ್ಪನ್ನು ನಾವು "ಅಲ್ರೀ ಸರ, ಅದು ಹಿಂಗ ಅಲ್ಲೇನ್ರೀ?" ಎಂದು ಪ್ರಶ್ನೆಯ ರೂಪದಲ್ಲಿ ಮುಂದಿಡುತ್ತೇವೆ. ಮನೆಯಲ್ಲಿ ಅದು ಸೌಜನ್ಯ. ಕಾಕ್‌ಪಿಟ್‌ನಲ್ಲಿ ಮಾತು ಇಂಗ್ಲಿಷಿನಲ್ಲಿ ನಡೆದರೂ ಸಂಕೋಚ ಅದೇ ಇರುತ್ತದೆ, ಮತ್ತು ಆ ಪ್ರಶ್ನೆ ಮುಗಿಯುವಷ್ಟರಲ್ಲಿ ವಿಮಾನ ನೂರಾರು ಅಡಿ ಮೇಲೇರಿರುತ್ತದೆ.

ನಿಯಮವನ್ನು ಮೊದಲು ನೆನಪಿಸಿಕೊಳ್ಳೋಣ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ನಿರ್ಗಮನದ ಶಬ್ದ ತಗ್ಗಿಸಲು ಎರಡು ಮಾದರಿಗಳನ್ನು ಕೊಟ್ಟಿದೆ. ಮೊದಲನೆಯದು ನಿಲ್ದಾಣಕ್ಕೆ ಅಂಟಿಕೊಂಡ ಊರುಗಳಿಗಾಗಿ: 800 ಅಡಿ ಅಥವಾ ಅದಕ್ಕಿಂತ ಮೇಲೆ ಎಂಜಿನ್ ಬಲ ತಗ್ಗಿಸಿ, ಫ್ಲ್ಯಾಪ್‌ಗಳನ್ನು (ಟೇಕಾಫ್‌ಗಾಗಿ ರೆಕ್ಕೆಯಿಂದ ಹೊರಚಾಚಿದ ಹಲಗೆಗಳು) ಹಾಗೆಯೇ ಬಿಟ್ಟು, ಕಡಿಮೆ ವೇಗದಲ್ಲಿ 3,000 ಅಡಿಯವರೆಗೆ ಏರಿ, ಆಮೇಲೆ ವೇಗ ಹೆಚ್ಚಿಸುವುದು. ಎರಡನೆಯದು ತುಸು ದೂರದ ಊರುಗಳಿಗಾಗಿ: ವೇಗ ಹೆಚ್ಚಿಸುವುದು ಮತ್ತು ಫ್ಲ್ಯಾಪ್ ಒಳಸೇರಿಸುವುದು ಮೊದಲೇ ಶುರುವಾಗುತ್ತದೆ. ಎರಡರಲ್ಲೂ 800 ಅಡಿಗಿಂತ ಕೆಳಗೆ ಶಬ್ದದ ಸಲುವಾಗಿ ಎಂಜಿನ್ ಬಲ ತಗ್ಗಿಸುವಂತಿಲ್ಲ.

ಅರ್ಧಕ್ಕರ್ಧ ಕೆಲಸ ನೆಲದ ಮೇಲಿನ ಬ್ರೀಫಿಂಗ್‌ನಲ್ಲೇ, ಅಂದರೆ ಹಾರುವ ಮುಂಚೆ ಇಬ್ಬರೂ ಪೈಲಟ್‌ಗಳು ಆಡಿಕೊಳ್ಳುವ ಮಾತಿನಲ್ಲೇ, ಮುಗಿಯಬೇಕೆಂಬುದು ನನ್ನ ಅಭಿಪ್ರಾಯ. ಈ ಎತ್ತರಗಳೆಲ್ಲ ನಿಲ್ದಾಣದ ನೆಲದಿಂದ ಅಳೆದವು; ಎತ್ತರ ಅಳೆಯುವ ಆಲ್ಟಿಮೀಟರ್ ತೋರಿಸುವುದು ಸಮುದ್ರಮಟ್ಟದಿಂದ. ಸಾಂಬ್ರಾವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಅದರ ನೆಲವೇ ಸುಮಾರು 2,487 ಅಡಿ ಎತ್ತರದಲ್ಲಿದೆ. ಆದ್ದರಿಂದ ಇಲ್ಲಿ 800 ಅಡಿ ಎಂದರೆ ಆಲ್ಟಿಮೀಟರಿನಲ್ಲಿ 3,287 ಅಡಿ, ಮತ್ತು 3,000 ಅಡಿ ಎಂದರೆ 5,487 ಅಡಿ. ಮುಂಬೈಯಂತಹ ಕಡಲತೀರದ ನಿಲ್ದಾಣಕ್ಕೆ ಒಗ್ಗಿದ ಕಣ್ಣು ಇಲ್ಲಿ ಸುಲಭವಾಗಿ ಮೋಸಹೋಗುತ್ತದೆ. ಆದ್ದರಿಂದ "ಮೊದಲ ಮಾದರಿ" ಎಂದಷ್ಟೇ ಹೇಳಿ ಮುಗಿಸದೆ, ಆಲ್ಟಿಮೀಟರಿನಲ್ಲಿ ಕಾಣುವ ಎರಡೂ ಅಂಕಿಗಳನ್ನು ಬಾಯಿಬಿಟ್ಟು ಹೇಳಿಕೊಳ್ಳಬೇಕು. ಅದರ ಬೆನ್ನಲ್ಲೇ "ಈ ಅಂಕಿ ತಪ್ಪಿದರೆ ನಾನು ಕೂಗಿ ಹೇಳುತ್ತೇನೆ ಸರ್" ಎಂದು ಕೋ-ಪೈಲಟ್ ಮೊದಲೇ ತಿಳಿಸಿಬಿಟ್ಟರೆ, ಮೇಲೆ ಹೋದಮೇಲೆ ಆಡುವ ಮಾತು ಎದುರುತ್ತರವಾಗಿ ಕೇಳಿಸುವುದಿಲ್ಲ. ಒಪ್ಪಂದದಂತೆ ನಡೆದುಕೊಂಡ ಹಾಗಾಗುತ್ತದೆ.

ಗಾಳಿಯಲ್ಲಿ ನಿಯಮ ತಪ್ಪಿದ್ದು ಕಂಡಾಗ, ಮೀಟರುಗಳ ಮೇಲೆ ಕಣ್ಣಿಟ್ಟಿರುವ ಪೈಲಟ್ ಮೊದಲು ಕಂಡದ್ದನ್ನು ಹೇಳಬೇಕು, ಆಮೇಲೆ ಇರಬೇಕಾದದ್ದನ್ನು: "ಎತ್ತರ 3,900, ಎಂಜಿನ್ ಬಲ ಇನ್ನೂ ಟೇಕಾಫ್‌ನಲ್ಲಿದೆ. 3,287ರಲ್ಲೇ ತಗ್ಗಬೇಕಿತ್ತು." ಅಷ್ಟು ಸಾಕು. ಉತ್ತರ ಬಾರದಿದ್ದರೆ ಇನ್ನೊಮ್ಮೆ, ಈ ಸಲ "ಕ್ಯಾಪ್ಟನ್" ಎಂದು ಕರೆದು ಹೇಳಬೇಕು. ಎರಡನೆಯ ಸಲವೂ ಮೌನವೇ ಆದರೆ ಅದು ಶಬ್ದದ ವಿಷಯವಾಗಿ ಉಳಿಯುವುದಿಲ್ಲ. ಹಾರಿಸುತ್ತಿರುವವರಿಗೆ ಪ್ರಜ್ಞೆ ಇದೆಯೇ ಎಂದು ನೋಡಬೇಕಾದ ಹೊತ್ತು ಅದು. 1977ರ ಮಾರ್ಚ್ 27ರಂದು ಸ್ಪೇನಿನ ಟೆನೆರಿಫ್ ದ್ವೀಪದ ರನ್‌ವೇ ಮೇಲೆ ಎರಡು ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತ ದುರಂತದಲ್ಲಿ, ರನ್‌ವೇ ತೆರವಾಗಿಲ್ಲವೇನೋ ಎಂಬ ಅನುಮಾನ ಟೇಕಾಫ್‌ಗೆ ಓಡುತ್ತಿದ್ದ ವಿಮಾನದ ಫ್ಲೈಟ್ ಎಂಜಿನಿಯರ್‌ಗೆ ಬಂದಿತ್ತು. ಅವರು ಅದನ್ನು ಪ್ರಶ್ನೆಯಾಗಿಯೇ ಕೇಳಿದರು, ಕ್ಯಾಪ್ಟನ್ ಅದನ್ನು ತಳ್ಳಿಹಾಕಿದರು.

ಹೇಳಿದ ಮಾತ್ರಕ್ಕೆ ತಪ್ಪನ್ನು ತಿದ್ದಲೇಬೇಕೆಂದಿಲ್ಲ. ಎಂಜಿನ್ ಬಲ ತಗ್ಗಿಸುವುದು ತಡವಾಗಿದ್ದರೆ ಈಗ ನಿಧಾನವಾಗಿ ತಗ್ಗಿಸಬಹುದು. ಆದರೆ ಫ್ಲ್ಯಾಪ್ ಬೇಗ ಒಳಸೇರತೊಡಗಿದ್ದರೆ, ಕಳೆದುಹೋದ ಮಾದರಿಯನ್ನು ಹಿಡಿಯಲು ಮೂತಿ ಎತ್ತಿ ವೇಗ ಇಳಿಸುವುದು ಹುಚ್ಚುತನ. "ಇದೇ ರೀತಿ ಮುಂದುವರಿಯೋಣ, ಆಮೇಲೆ ಬರೆಯೋಣ" ಎಂದು ಕ್ಯಾಪ್ಟನ್ ಸ್ಪಷ್ಟವಾಗಿ ಹೇಳಿ, ಇನ್ನೊಬ್ಬರು ಒಪ್ಪಿಗೆಯ ದನಿ ಕೊಟ್ಟರೆ ಚರ್ಚೆ ಅಲ್ಲಿಗೆ ನಿಲ್ಲಬೇಕು.

ಕೆಲವೊಮ್ಮೆ ನಿಯಮವನ್ನು ಬೇಕೆಂದೇ ಬಿಡಬೇಕಾಗುತ್ತದೆ. ಎಂಜಿನ್ ಕೆಟ್ಟಾಗ, ಗಾಳಿ ದಿಢೀರನೆ ದಿಕ್ಕು ಬದಲಿಸಿದಾಗ, ಮಳೆಗಾಲದ ದಟ್ಟ ಮೋಡ ಎದುರಾದಾಗ ಸುರಕ್ಷತೆಯೇ ಮೊದಲು, ಮತ್ತು ಕೊನೆಯ ನಿರ್ಧಾರ ಕ್ಯಾಪ್ಟನ್‌ರದು. ಆಗ ಪ್ರಕಟಿತ ದಾರಿಯನ್ನು ಬಿಡುವುದಾದರೆ ಎಟಿಸಿಗೆ (ನೆಲದಿಂದ ವಿಮಾನ ಸಂಚಾರ ನಿಯಂತ್ರಿಸುವವರಿಗೆ), ಎಂಜಿನ್ ಕೆಟ್ಟಿದ್ದರೆ "ಮೇಡೇ" ಎಂಬ ತುರ್ತು ಕರೆಯಿಂದ, ಇಲ್ಲದಿದ್ದರೆ "ಅನೇಬಲ್" (ಆಗುವುದಿಲ್ಲ) ಎಂಬ ಒಂದೇ ಪದದಿಂದ ಶುರುಮಾಡಿ, ಕಾರಣವನ್ನೂ ಹಿಡಿಯುವ ದಿಕ್ಕನ್ನೂ ಚುಟುಕಾಗಿ ಹೇಳಬೇಕು. ಎಂಜಿನ್ ಬಲ, ಫ್ಲ್ಯಾಪ್‌ಗಳ ಕ್ರಮ ತಪ್ಪಿದ್ದನ್ನು ರೇಡಿಯೊದಲ್ಲಿ ವಿವರಿಸುವ ಅಗತ್ಯವಿಲ್ಲ. ಕಂಟ್ರೋಲರ್‌ಗೆ ಬೇಕಾದದ್ದು ವಿಮಾನ ಎತ್ತ ಹೋಗುತ್ತಿದೆ ಎಂಬುದು.

ಕ್ಯಾಬಿನ್ ಸಿಬ್ಬಂದಿಗೆ ಇದನ್ನೆಲ್ಲ ಆ ಕ್ಷಣದಲ್ಲಿ ಹೇಳಬೇಕಿಲ್ಲ. ಎಂಜಿನ್ ಸದ್ದು ಒಮ್ಮೆಲೇ ಇಳಿದರೆ ಮೊದಲ ಸಲ ಹಾರುವವರು ಗಾಬರಿಯಾಗುತ್ತಾರೆ, ಅದಕ್ಕೆ ಹಾರುವ ಮೊದಲೇ ಒಂದು ಮಾತು ಹೇಳಿಟ್ಟರೆ ಸಾಕು.

ಇಳಿದ ಮೇಲೆ ವರದಿಯನ್ನು ಇಬ್ಬರೂ ಕೂತು ಬರೆಯುವುದು ಮೇಲು. ಲಂಡನ್ನಿನ ಹೀಥ್ರೂದಲ್ಲಿ ಟೇಕಾಫ್ ಓಟ ಶುರುವಾದ ಜಾಗದಿಂದ ಸುಮಾರು 6.5 ಕಿಲೋಮೀಟರ್ ದೂರದಲ್ಲಿ ಶಬ್ದ ಅಳೆಯುವ ಯಂತ್ರಗಳಿವೆ, ಮಿತಿ ಮೀರಿದರೆ ಕಂಪನಿಗೆ ದಂಡ ಬೀಳುತ್ತದೆ. ಅಂಥ ಕಡೆಯಿಂದ ಪತ್ರ ಬರುವ ಹೊತ್ತಿಗೆ ಯಾರಿಗೂ ಏನೂ ನೆನಪಿರುವುದಿಲ್ಲ. ಸಮಯ, ವಿಮಾನದ ತೂಕ, ಗಾಳಿ, ಯಾವ ಎತ್ತರದಲ್ಲಿ ಏನು ನಡೆಯಿತು, ಯಾರು ಯಾವಾಗ ಏನು ಹೇಳಿದರು ಎಂಬುದನ್ನು ಬರೆಯಿರಿ. "ಕ್ಯಾಪ್ಟನ್ ಕೇಳಲಿಲ್ಲ" ಎಂದು ಬರೆಯುವ ಬದಲು "3,900 ಅಡಿಯಲ್ಲಿ ಹೇಳಲಾಯಿತು, 4,400ರಲ್ಲಿ ಬಲ ತಗ್ಗಿಸಲಾಯಿತು" ಎಂದು ಬರೆದರೆ ಇಬ್ಬರೂ ಅದಕ್ಕೆ ಸಹಿ ಹಾಕಬಹುದು.