ರೇಟ್ ಫಿಕ್ಸ್ ಅಂದ್ರೂ ಕೇಳೋದು ಬೇಕಾದಷ್ಟಿದೆ
ಹಾಸನದಲ್ಲಿ ಹಳೇ ಕಾರು ಹುಡುಕುತ್ತಿರುವವರಿಗೆ ಒಂದು ಮಾತು. ಚೌಕಾಸಿಯೇ ಇಲ್ಲ ಅನ್ನುವ ಶೋರೂಮಿನಲ್ಲಿ ನಾನು ಕಳೆದ ತಿಂಗಳು ಕಾರು ತಗೊಂಡೆ. ಗಾಜಿನ ಮೇಲೆ ಅಂಟಿಸಿದ ರೇಟಿಗೆ ಒಂದು ರೂಪಾಯಿಯೂ ಇಳಿಸಲಿಲ್ಲ. ಸರಿ, ರೇಟ್ ಬಿಟ್ಟು ಉಳಿದದ್ದನ್ನೆಲ್ಲಾ ಕೇಳಿದೆ. ಬಿಲ್ಲಿನಲ್ಲಿ 'ಹ್ಯಾಂಡ್ಲಿಂಗ್' ಅಂತ ಒಂದು ಸಾಲಿತ್ತು. ಏನದು ಅಂದಿದ್ದಕ್ಕೆ ಮಾತಾಡದೆ ತೆಗೆದು ಹಾಕಿದರು!

ಟೈರ್ ಪಕ್ಕ ಬಗ್ಗಿ ನೋಡಿ, ನಾಲ್ಕು ಅಂಕಿ ಇರುತ್ತೆ. 2319 ಅಂದ್ರೆ 2019ರ 23ನೇ ವಾರ ತಯಾರಾಗಿದ್ದು. ನನ್ನ ಕಾರಿನಲ್ಲಿ ಮೂರು ಹೊಸದು, ಒಂದು ಅಜ್ಜನ ಕಾಲದ್ದು. ಬೆರಳಿಟ್ಟು ತೋರಿಸಿದೆ, ಬದಲಾಯಿಸಿಕೊಟ್ಟರು.

ನಮ್ಮ ಕಡೆ ಶಿರಾಡಿ, ಚಾರ್ಮಾಡಿ ಘಾಟಿ ಹತ್ತಿಳಿದ ಗಾಡಿಗಳೇ ಜಾಸ್ತಿ ಅಲ್ವಾ? ಸುಮ್ನೆ ಬಿ.ಎಂ. ರಸ್ತೆಯಲ್ಲಿ ಒಂದು ರೌಂಡ್ ಹೊಡೆದರೆ ಏನೂ ಗೊತ್ತಾಗಲ್ಲ. ಏರಿನಲ್ಲಿ ಓಡಿಸಿ. ಇಂಜಿನ್ ಕೂಗುತ್ತಿದೆ, ಗಾಡಿ ಮಾತ್ರ ಎಳೆಯುತ್ತಿಲ್ಲ ಅಂದ್ರೆ ಕ್ಲಚ್ ಸವೆದಿರಬಹುದು. ತೋಟದಲ್ಲಿ ಓಡಿದ ಗಾಡಿಯಾದರೆ ತಳಭಾಗದ ತುಕ್ಕನ್ನೂ ನೋಡಿ.

ಕಾಗದಪತ್ರ: ಗಾಡಿ ನಿಮ್ಮ ಹೆಸರಿಗೆ ಮಾಡಿಸುವ ಫಾರಂ 29, 30ಕ್ಕೆ ಹಳೇ ಮಾಲೀಕರ ಸಹಿ ಬೇಕು. ಆರ್‌ಸಿಯಲ್ಲಿ ಸಾಲದ ನಮೂದು ಇದ್ದರೆ ಬ್ಯಾಂಕಿನ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ), ಆ ನಮೂದು ತೆಗೆಸುವ ಫಾರಂ 35 ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ. ಇನ್ಶೂರೆನ್ಸ್ ಹೆಸರು ಬದಲಾವಣೆಗೆ 14 ದಿನದೊಳಗೆ ಅರ್ಜಿ ಹಾಕಿ. ಬಾಕಿ ಚಲನ್ ಇದೆಯಾ ಅಂತ ಸರ್ಕಾರದ ಪರಿವಾಹನ್ ವೆಬ್‌ಸೈಟಿನಲ್ಲಿ ನೀವೇ ನೋಡಬಹುದು.