ಕೊಟ್ಟಿಗೆಯಲ್ಲಿ ಮತ್ತೆ ತಿರುಗಿದ ಹಳೆ ಲೇತ್

ಶಿವಮೊಗ್ಗದ ಒಂದು ಗುಜರಿ ಅಂಗಡಿಯಲ್ಲಿ ಆ ಲೇತ್ ನೋಡಿದಾಗ ನಾನು ಮೊದಲು ಕೈಯಾಡಿಸಿದ್ದು ಬೆಡ್ ಮೇಲೆ, ಅಂದರೆ ಉಳಿದ ಭಾಗಗಳನ್ನೆಲ್ಲ ಹೊರುವ ಉದ್ದನೆಯ ಕಬ್ಬಿಣದ ಹಾಸಿನ ಮೇಲೆ. ಪಂಜಾಬಿನ ಬಟಾಲದಲ್ಲಿ ತಯಾರಾದ, ಬೆಲ್ಟಿನಲ್ಲಿ ಓಡುವ ನಾಲ್ಕೂವರೆ ಅಡಿ ಲೇತ್. ಲೇತ್ ಅಂದರೆ ಲೋಹದ ತುಂಡನ್ನು ತಿರುಗಿಸಿ, ಟೂಲ್ ಎಂಬ ಉಳಿಯಿಂದ ಕತ್ತರಿಸುವ ಯಂತ್ರ. ಗೇರ್ ಹಲ್ಲು ಮುರಿದರೆ ಬೇರೆ ಗೇರ್ ಮಾಡಿಸಬಹುದು, ತುಂಡನ್ನು ಹಿಡಿದು ತಿರುಗಿಸುವ ಚಕ್ ಹೋದರೆ ಹೊಸದು ತರಬಹುದು. ಬೆಡ್ ಸವೆದರೆ ಮಾತ್ರ ಕಷ್ಟ. ಸವೆತ ಚಕ್ ಹತ್ತಿರವೇ ಜಾಸ್ತಿ, ಕೆಲಸ ನಡೆಯುವುದೆಲ್ಲ ಅಲ್ಲೇ ಅಲ್ವಾ? ಅದಕ್ಕೇ, ಟೂಲ್ ಹೊತ್ತು ಬೆಡ್ ಮೇಲೆ ಜಾರುವ ಕ್ಯಾರೇಜನ್ನು ಚಕ್ ಪಕ್ಕ ತಂದು, ಅದರ ಸಡಿಲ ಹೋಗುವಷ್ಟು ಬಿಗಿ ಮಾಡಿ, ಎದುರು ತುದಿಯಲ್ಲಿ ಆಸರೆ ಕೊಡುವ ಟೈಲ್‌ಸ್ಟಾಕ್ ಕಡೆಗೆ ಓಡಿಸಿ ನೋಡಿದೆ. ಅಲ್ಲಿ ಹೋಗಿ ಕಚ್ಚಿಕೊಂಡರೆ ಚಕ್ ಹತ್ತಿರ ತುಂಬಾ ಸವೆದಿದೆ ಎಂದರ್ಥ. ಸ್ವಲ್ಪ ಬಿಗಿಯಾಯಿತು, ನಿಲ್ಲಲಿಲ್ಲ. ಗುಜರಿ ತೂಕದ ರೇಟಿಗೇ ಕೊಂಡೆ.

ನಮ್ಮ ಮನೆ ತೀರ್ಥಹಳ್ಳಿ ಕಡೆ. ದನ ಇಲ್ಲದೆ ಖಾಲಿ ಬಿದ್ದಿದ್ದ ಕೊಟ್ಟಿಗೆಗೆ ಕಾಂಕ್ರೀಟ್ ಹಾಕಿಸಿ ಅಲ್ಲೇ ಇಳಿಸಿದೆವು.

ಬಿಚ್ಚಿದ ಸಣ್ಣ ಕಬ್ಬಿಣದ ಭಾಗಗಳ ತುಕ್ಕು ತೆಗೆಯಲು ಕಾಕಂಬಿ ಬಳಸಿದೆ. ದನದ ಮೇವಿಗೆ ಬೆರೆಸುತ್ತಾರಲ್ಲ, ಅದೇ. ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು ಹಾಕಿ ಎರಡು ವಾರ ಮುಳುಗಿಸಿಟ್ಟೆ. ವಾಸನೆ ವಿಪರೀತ, ಮನೆಯಿಂದ ದೂರ ಇಡಬೇಕು. ಆದರೆ ತುಕ್ಕು ಬ್ರಷ್ಷಿಗೆ ಮಣ್ಣಿನಂತೆ ಬಿಟ್ಟು ಬಂತು. ಅಲ್ಯುಮಿನಿಯಂ ಭಾಗಗಳನ್ನು ಅದರಲ್ಲಿ ಹಾಕಬಾರದು, ತಿಂದುಬಿಡುತ್ತದೆ. ತೊಳೆದ ತಕ್ಷಣ ಒಣಗಿಸಿ ಎಣ್ಣೆ ಹಚ್ಚದಿದ್ದರೆ ಒಂದೇ ಗಂಟೆಯಲ್ಲಿ ಮತ್ತೆ ಕೆಂಪಾಗುತ್ತದೆ.

ಬೆಡ್ಡಿಗೆ ಎಮರಿ ಪೇಪರ್ ಹಿಡಿಯಲು ಹೊರಟಿದ್ದೆ. ಭದ್ರಾವತಿ ಕಾರ್ಖಾನೆಯಲ್ಲಿ ಟರ್ನರ್ ಆಗಿ ನಿವೃತ್ತರಾದ ಹಿರಿಯರೊಬ್ಬರು ಅವತ್ತು ಬಂದಿದ್ದರು. "ಬೇಡ ಮಾರಾಯ, ಆ ಪುಡಿ ಕ್ಯಾರೇಜ್ ಕೆಳಗೆ ಸೇರಿದರೆ ನೀನು ಓಡಿಸಿದಷ್ಟೂ ದಿನ ಬೆಡ್ ಉಜ್ಜುತ್ತಲೇ ಇರುತ್ತದೆ" ಎಂದರು. ಸೀಮೆಎಣ್ಣೆ ಸುರಿದು, ಬ್ಲೇಡನ್ನು ಮಲಗಿಸಿ ಹಿಡಿದು ನಿಧಾನಕ್ಕೆ ಕೆರೆದೆ. ನಾಲ್ಕು ದಿನ ಹಿಡಿಯಿತು. ಕಪ್ಪು ಕಲೆ ಕೆಲವು ಹಾಗೇ ಉಳಿದವು. ಕಲೆಯಿಂದ ಅಳತೆಗೆ ಏನೂ ತೊಂದರೆಯಿಲ್ಲ.

ಮನೆಗೆ ಇರುವುದು ಸಿಂಗಲ್ ಫೇಸ್. ಹಳೆ ತ್ರೀ ಫೇಸ್ ಮೋಟರ್ ತೆಗೆದು 1 ಎಚ್‌ಪಿ, 1,440 ಆರ್‌ಪಿಎಂ ಸಿಂಗಲ್ ಫೇಸ್ ಮೋಟರ್ ಕೂರಿಸಿದೆ.

ಆಮೇಲೆ ಮುಖ್ಯವಾದ ಕೆಲಸ, ಲೇತನ್ನು ನೆಟ್ಟಗೆ ಕೂರಿಸುವುದು. ಅಷ್ಟು ದಪ್ಪದ ಬೀಡು ಕಬ್ಬಿಣವೂ ಕಾಲು ಸರಿಯಾಗಿ ಊರದಿದ್ದರೆ ತಿರುಚಿಕೊಳ್ಳುತ್ತದೆ. ದಪ್ಪ ಸರಳೊಂದನ್ನು ಚಕ್‌ಗೆ ಹಿಡಿಸಿ, ಟೈಲ್‌ಸ್ಟಾಕ್ ಆಸರೆ ಕೊಡದೆ, 150 ಮಿ.ಮೀ. ಅಂತರದಲ್ಲಿ ಎರಡು ಉಂಗುರದಂಥ ಏರು ಉಳಿಸಿಕೊಂಡೆ. ಟೂಲ್ ಕದಲಿಸದೆ ಎರಡರ ಮೇಲೂ ಸಣ್ಣ ಕಟ್ ಹಾಯಿಸಿ ಮೈಕ್ರೋಮೀಟರ್ ಹಿಡಿದೆ. ಚಕ್‌ನಿಂದ ದೂರದ್ದು 0.06 ಮಿ.ಮೀ. ಹೆಚ್ಚು ದಪ್ಪ ಇತ್ತು. ಅಂದರೆ ಆ ತುದಿಯಲ್ಲಿ ಟೂಲ್ ನನ್ನ ಕಡೆಗೆ ವಾಲುತ್ತಿದೆ. ಟೈಲ್‌ಸ್ಟಾಕ್ ತುದಿಯಲ್ಲಿ, ನಾನು ನಿಲ್ಲುವ ಬದಿಯ ಕಾಲಿನಡಿ ತಗಡಿನ ಶಿಮ್ ಕೊಟ್ಟೆ, ಬೋಲ್ಟ್ ಬಿಗಿದೆ, ಮತ್ತೆ ಕಟ್ ಹಾಕಿದೆ. ಹೀಗೆ ಏಳೆಂಟು ಸಲ. ಕೊನೆಗೆ ವ್ಯತ್ಯಾಸ 0.01ಕ್ಕೆ ಬಂದ ಸಂಜೆ ನನಗಾದ ಖುಷಿ ಇನ್ನೂ ನೆನಪಿದೆ. ಪೇಂಟ್ ಮಾಡುವವರು ಮೊದಲು ಇದನ್ನು ಮಾಡಿ ಎಂದೇ ನಾನು ಹೇಳುವುದು.

ಮೊದಲ ಮಳೆಗಾಲದಲ್ಲಿ ಒಂದು ತಪ್ಪು ಮಾಡಿದೆ. ಎಣ್ಣೆ ಹಚ್ಚಿ, ಟಾರ್ಪಾಲಿನ್ ಬಿಗಿಯಾಗಿ ಸುತ್ತಿಟ್ಟಿದ್ದೆ. ತೆಗೆದು ನೋಡಿದರೆ ಒಳಗೆಲ್ಲ ನೀರ ಹನಿ, ಟೈಲ್‌ಸ್ಟಾಕ್ ಕೆಂಪು. ಪ್ಲಾಸ್ಟಿಕ್ ತೇವವನ್ನು ಹೊರಗೆ ಬಿಡುವುದಿಲ್ಲ. ಈಗ ಹಳೆ ಹತ್ತಿ ಬೆಡ್‌ಶೀಟ್ ಹೊದಿಸುತ್ತೇನೆ. ಬಟ್ಟೆಗೆ ತಾಗದ ಹಾಗೆ ಬೆಡ್ ಕೆಳಗೆ 40 ವ್ಯಾಟಿನ ಹಳೆ ಕಾಲದ ಬಲ್ಬ್ ಉರಿಯುತ್ತಿರುತ್ತದೆ. ಕಬ್ಬಿಣ ಸುತ್ತಲಿನ ಗಾಳಿಗಿಂತ ಒಂಚೂರು ಬೆಚ್ಚಗಿದ್ದರೆ ಸಾಕು, ಹನಿ ಕಟ್ಟುವುದಿಲ್ಲ. ಇನ್ನೊಂದು: ಅಡಿಕೆ ತೋಟದವರ ಕೊಟ್ಟಿಗೆಯಲ್ಲಿ ಔಷಧಿ ಹೊಡೆಯುವ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಇದ್ದೇ ಇರುತ್ತದೆ. ಅದರ ನೀರು ಬಿದ್ದ ಕಡೆ ತಾಮ್ರ ಕೂತು ಕಬ್ಬಿಣ ಕೊರೆದುಹೋಗುತ್ತದೆ. ಆ ಡ್ರಮ್ಮನ್ನು ಬೇರೆ ಕಡೆಗೆ ಸಾಗಿಸಿದ್ದೇನೆ.

ಈಗ ಕೊಳೆರೋಗದ ಔಷಧಿ ಹೊಡೆಯುವ ಸಮಯದಲ್ಲಿ ಅಕ್ಕಪಕ್ಕದವರ ಪಂಪಿನ ಬುಶ್, ಪಿನ್ನು ಎಲ್ಲ ಇಲ್ಲೇ ಆಗುತ್ತವೆ. ಥ್ರೆಡ್ ಕತ್ತರಿಸುವಾಗ ಕ್ಯಾರೇಜನ್ನು ಎಳೆಯುವ ನನ್ನ ಲೀಡ್ ಸ್ಕ್ರೂ ಇಂಚಿಗೆ ನಾಲ್ಕು ಥ್ರೆಡ್‌ನದು. ಅದರಲ್ಲಿ ಮಿಲಿಮೀಟರ್ ಥ್ರೆಡ್ ಕರಾರುವಾಕ್ಕಾಗಿ ಬರಬೇಕಾದರೆ 127 ಹಲ್ಲಿನ ಗೇರ್ ಬೇಕು, ಇಂಚಿಗೆ 25.4 ಮಿ.ಮೀ., ಅದರ ಐದು ಪಟ್ಟು 127 ಆದ್ದರಿಂದ. ಅದನ್ನು ಹಾಕಿ ಥ್ರೆಡ್ ಕತ್ತರಿಸುವಾಗ ಕ್ಯಾರೇಜನ್ನು ಲೀಡ್ ಸ್ಕ್ರೂಗೆ ಕಚ್ಚಿಸುವ ಹಾಫ್ ನಟ್ ಬಿಡಿಸಬೇಡಿ. ಟೂಲ್ ಹಿಂದಕ್ಕೆ ತೆಗೆದು, ಮೋಟರನ್ನೇ ಉಲ್ಟಾ ಓಡಿಸಿ ವಾಪಸ್ ಬನ್ನಿ. ಬಿಡಿಸಿದರೆ ಮತ್ತೆ ಅದೇ ದಾರಿಗೆ ಟೂಲ್ ಕೂರುವುದು ಕಷ್ಟ.

ಟೂಲನ್ನು ಹಿಂದೆ ಮುಂದೆ ಸರಿಸುವ ಕ್ರಾಸ್ ಸ್ಲೈಡಿನ ನಟ್ ಇನ್ನೂ ಹಳೆಯದೇ. ಹ್ಯಾಂಡಲ್ ಕಾಲು ಸುತ್ತು ಸುಮ್ನೆ ತಿರುಗುತ್ತದೆ. ಗನ್ ಮೆಟಲ್ ತುಂಡೊಂದನ್ನು ತಂದಿಟ್ಟಿದ್ದೇನೆ, ಕೊಯ್ಲು ಮುಗಿದ ಮೇಲೆ ಹೊಸ ನಟ್ ಮಾಡಬೇಕು. ಅಲ್ಲಿವರೆಗೆ ಟೂಲನ್ನು ಪೂರ್ತಿ ಹಿಂದಕ್ಕೆ ತಂದು, ಮತ್ತೆ ಮುಂದಕ್ಕೆ ಒಯ್ದೇ ಅಳತೆ ಹಿಡಿಯುತ್ತಿದ್ದೇನೆ.